ಎರಡು ರಬ್ಬರಿನ ಬಳೆಗಳು



ಕಾಲೇಜಿನಲ್ಲಿ ಇಂಗ್ಲಿಷ್ ನಾಟಕಗಳನ್ನು ಬೋಧಿಸತಕ್ಕ ಉಪಾಧ್ಯಾಯನೊಬ್ಬನು ಮೋಟಾರು ಸೈಕಲ್ಲಿನ ಆಯಿಲ್ ಸೀಲನ್ನು ಕುರಿತು ಮಾತನಾಡಲು ಹೊರಟಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ನಮಗೂ ಹಾಗೆಯೇ ತೋರುತ್ತಿದೆ. ಈ ವಿಷಯದಲ್ಲಿ ನಮಗೆ ಏನಾದರೂ ಅಧಿಕಾರವಿದ್ದರೆ ಅದು ಒಂದು ತಪ್ಪಿನಿಂದ ಬಂದದ್ದು. ತಪ್ಪನ್ನು ಮಾಡಿದವರು ನಾವು. ಅದರ ಬೆಲೆಯನ್ನು ತೆತ್ತವನು ನಮ್ಮ ಅಣ್ಣನ ಮಗ. ಹಳೆಯ ಗಾಡಿಗಳನ್ನು ಮನೆಯ ಮೂಲೆಯಿಂದ ಹೊರತೆಗೆದು ಓಡಿಸಬೇಕೆಂಬ ಉತ್ಸಾಹವು ಈಚೆಗೆ ಪಟ್ಟಣದ ವಿದ್ಯಾವಂತರಲ್ಲಿ ಬಹಳವಾಗಿ ಹಬ್ಬಿರುವುದರಿಂದ, ಆ ಕಥೆಯನ್ನು ಹೇಳುವುದರಲ್ಲಿ ಪ್ರಯೋಜನವಿರಬಹುದೆಂದು ಭಾವಿಸಿದ್ದೇವೆ.

ನಮ್ಮ ಸೋದರಮಾವನವರು 1983ರಲ್ಲಿ ಒಂದು ಕೈ ಬದಲಾಗಿದ್ದ ಯೆಜ್ಡಿ 250 ಗಾಡಿಯನ್ನು ಕೊಂಡರು. ಕೊಂಡವರು ಅದನ್ನು ಇದ್ದಂತೆ ಇರಗೊಡಲಿಲ್ಲ. ಮುಂದಿನ ಮಡ್‌ಗಾರ್ಡನ್ನು ಚಕ್ರದಿಂದ ಗೇಣುದ್ದ ಮೇಲಕ್ಕೆ ಎತ್ತಿ ಕಟ್ಟಿದರು. ಸೈಲೆನ್ಸರುಗಳನ್ನು ಮೇಲಕ್ಕೆ ಬಾಗಿಸಿದರು. ಅಗಲವಾದ ಹ್ಯಾಂಡಲನ್ನೂ ಗಂಟುಗಂಟಾದ ಟೈರುಗಳನ್ನೂ ಹಾಕಿಸಿ, ದೀಪವನ್ನು ಕಳಚಿ ಅಟ್ಟಕ್ಕೆ ಸೇರಿಸಿದರು. ಮಣ್ಣುಹಾದಿಯ ಪಂದ್ಯಗಳಲ್ಲಿ ಅವರಿಗೆ ಬಂದ ಕಪ್ಪುಗಳು ಎರಡೋ ಮೂರೋ; ಬಿದ್ದ ಪೆಟ್ಟುಗಳಿಗೆ ಲೆಕ್ಕವಿಲ್ಲ. ಹೀಗೆ ಹದಿನೆಂಟು ವರ್ಷ ದುಡಿದ ಆ ಗಾಡಿಯು 2001ರಲ್ಲಿ ಹಿತ್ತಲಿನ ಶೀಟಿನ ಮನೆಯನ್ನು ಸೇರಿ, 2022ರವರೆಗೆ ಅಲ್ಲಿಯೇ ನಿಂತಿತು.

ಮೈಸೂರಿನವರಿಗೆ ಈ ಗಾಡಿಯ ಪೂರ್ವೋತ್ತರವನ್ನು ವಿಸ್ತರಿಸಬೇಕಾಗಿಲ್ಲ. 1929ರಲ್ಲಿ ಯಾನೆಚೆಕ್ ಎಂಬ ಜೆಕ್ ಉದ್ಯಮಿಯು ಸ್ಥಾಪಿಸಿದ ಜಾವಾ ಸಂಸ್ಥೆಯ ನಕ್ಷೆಗಳನ್ನು ತಂದು, ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯವರು 1961ರಿಂದ ಗಾಡಿಗಳನ್ನು ತಯಾರಿಸಿದರು. ಎಪ್ಪತ್ತರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಮಣ್ಣಿನಲ್ಲಿ ಓಡಿಸುವ ಹುಚ್ಚು ಮಾತ್ರ ನಮ್ಮವರು ತಾವಾಗಿ ಕಲ್ಪಿಸಿಕೊಂಡದ್ದಲ್ಲ. ಜಾವಾದ ಸೋದರ ಸಂಸ್ಥೆಯಾದ ಸ್ಟ್ರಕೊನಿತ್ಸೆಯ ಚೆ-ಜೆಟ್ ಕಂಪನಿಯ ಗಾಡಿಯ ಮೇಲೆ ಬೆಲ್ಜಿಯಂ ದೇಶದ ಜೊಯೆಲ್ ರೊಬೇರ್ ಎಂಬ ಇಪ್ಪತ್ತು ವರ್ಷದ ಹುಡುಗನು 1964ರಲ್ಲಿ 250 ಸಿ.ಸಿ. ಮೋಟೋಕ್ರಾಸ್ ಪಂದ್ಯಗಳ ಜಗಜ್ಜಯಿಯಾದನು. ಈ ಗಾಡಿಗಳ ಇಂಜಿನ್ನುಗಳು ಎರಡು ಹೊಡೆತದವು, ಅಂದರೆ ಟೂ-ಸ್ಟ್ರೋಕ್ ಜಾತಿಯವು. ನಮ್ಮ ಕಥೆಯ ಗುಟ್ಟು ಇರುವುದು ಈ ಮಾತಿನಲ್ಲಿಯೇ.

ಕಮ್ಮಾರನ ತಿದಿಯನ್ನು ತಾವು ಕಂಡಿದ್ದೀರಿ. ಮೇಲಕ್ಕೆ ಎತ್ತಿದರೆ ಅದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒತ್ತಿದರೆ ಕುಲುಮೆಗೆ ಊದುತ್ತದೆ. ಎರಡು ಹೊಡೆತದ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕಿನ ಗೂಡು ಇಂತಹ ತಿದಿ. ಪಿಸ್ಟನ್ನು ಮೇಲೇರುವಾಗ ಗೂಡಿನಲ್ಲಿ ಒತ್ತಡವು ತಗ್ಗಿ, ಕಾರ್ಬ್ಯುರೇಟರಿನಿಂದ ಪೆಟ್ರೋಲೂ ಗಾಳಿಯೂ ಬೆರೆತ ಮಿಶ್ರಣವು ಒಳಕ್ಕೆ ನುಗ್ಗುತ್ತದೆ. ಪಿಸ್ಟನ್ನು ಕೆಳಗಿಳಿಯುವಾಗ ಅದೇ ಮಿಶ್ರಣವು ಅದುಮಲ್ಪಟ್ಟು, ಪಕ್ಕದ ದಾರಿಗಳಿಂದ ಮೇಲಣ ಸಿಲಿಂಡರಿಗೆ ಏರುತ್ತದೆ. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ ಎಂಬ ಇಂಜಿನಿಯರನು 1890ರ ಆಸುಪಾಸಿನಲ್ಲಿ ಈ ಉಪಾಯವನ್ನು ರೂಢಿಗೆ ತಂದನು. ಬೇರೆ ಜಾತಿಯ ಇಂಜಿನ್ನುಗಳಲ್ಲಿ ಈ ಗೂಡು ಎಣ್ಣೆಯು ಓಡಾಡುವ ಅಡಿಮನೆ ಮಾತ್ರ. ಇಲ್ಲಿ ಅದು ಯಂತ್ರದ ಶ್ವಾಸಕೋಶ. ಇಂಜಿನ್ನು ನಿಮಿಷಕ್ಕೆ 4500 ಸುತ್ತು ತಿರುಗಿದರೆ ಈ ತಿದಿಯು ಸೆಕೆಂಡಿಗೆ 75 ಸಲ ಎಳೆದು 75 ಸಲ ಊದುತ್ತದೆ.

ಆದರೆ ತಿದಿಯ ಎರಡು ಪಕ್ಕಗಳಲ್ಲಿಯೂ ಒಂದೊಂದು ತೂತು ಇರಲೇಬೇಕಷ್ಟೆ. ಕ್ರ್ಯಾಂಕಿನ ಅಚ್ಚು ಒಂದು ಕಡೆ ಡೈನಮೋವನ್ನು ತಿರುಗಿಸಬೇಕು. ಇನ್ನೊಂದು ಕಡೆ ಸರಪಣಿಯ ಮೂಲಕ ಕ್ಲಚ್ಚನ್ನು ತಿರುಗಿಸಬೇಕು. ತಿರುಗುವ ಅಚ್ಚಿಗೆ ಎಡೆ ಕೊಟ್ಟೂ ಗಾಳಿಗೆ ಎಡೆ ಕೊಡದಿರುವುದು ಹೇಗೆ? ಇದಕ್ಕಾಗಿ ಇಟ್ಟಿರತಕ್ಕವೇ ಆ ಎರಡು ರಬ್ಬರಿನ ಬಳೆಗಳು. ಹೊರಗೆ ತಗಡಿನ ಕವಚ, ಒಳಗೆ ರಬ್ಬರಿನ ತೆಳುವಾದ ತುಟಿ, ಆ ತುಟಿಯನ್ನು ಅಚ್ಚಿಗೆ ಹದವಾಗಿ ಒತ್ತಿ ಹಿಡಿಯಲು ಸುರುಳಿತಂತಿಯ ಒಂದು ಸಣ್ಣ ಉಂಗುರ. ಮೊದಲು ಇವುಗಳನ್ನು ಚಕ್ಕಳದಿಂದ ಮಾಡುತ್ತಿದ್ದರು. ಜರ್ಮನಿಯ ವೈನ್‌ಹೈಮಿನಲ್ಲಿ ಚರ್ಮ ಹದಮಾಡುವ ಉದ್ಯೋಗವನ್ನು ನಡೆಸುತ್ತಿದ್ದ ಫ್ರಾಯ್ಡೆನ್‌ಬರ್ಗ್ ಸಂಸ್ಥೆಯಲ್ಲಿ ವಾಲ್ಟರ್ ಸಿಮ್ಮರ್ ಎಂಬಾತನು ರೂಪಿಸಿದ ಸೀಲು 1929ರಲ್ಲಿ ಪೇಟೆಗೆ ಬಂದಾಗ ಅದರ ತುಟಿಯು ಚಕ್ಕಳದ್ದೇ ಆಗಿತ್ತು. 1936ರಲ್ಲಿ ಎಣ್ಣೆಗೆ ಕರಗದ ಕೃತಕ ರಬ್ಬರಿನ ತುಟಿಯು ಬಂದಿತು. ಜರ್ಮನಿಯಲ್ಲಿ ಇಂದಿಗೂ ಇಂತಹ ಸೀಲುಗಳನ್ನು ಸಿಮ್ಮರನ ಹೆಸರಿನಿಂದಲೇ ಕರೆಯುತ್ತಾರೆ. ಜಾವಾದ ತವರಾದ ಜೆಕ್ ನಾಡಿನಲ್ಲಿ ಇದಕ್ಕೆ ಗುಫೇರೊ ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಇದು ಬರಿಯ ‘ಸೀಲು’. “ಸೀಲು ಹೋಗಿದೆ” ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಹೆಸರಿನಿಂದಲೇ ಒಂದು ಭ್ರಾಂತಿಯು ಹುಟ್ಟುತ್ತದೆ. ಆಯಿಲ್ ಸೀಲು ಎಂದ ಮೇಲೆ ಅದರ ಕೆಲಸ ಎಣ್ಣೆ ಸೋರದಂತೆ ತಡೆಯುವುದು, ನೆಲದ ಮೇಲೆ ಎಣ್ಣೆ ಬಿದ್ದಿರದಿದ್ದರೆ ಸೀಲು ಚೆನ್ನಾಗಿದೆ ಎಂದು ತಿಳಿದವನು ತಿಳಿದುಕೊಳ್ಳುತ್ತಾನೆ. ನಾವು ತಿಳಿದುಕೊಂಡದ್ದೂ ಇಷ್ಟೆ. ಎರಡು ಹೊಡೆತದ ಇಂಜಿನ್ನಿನಲ್ಲಿ ಸೀಲು ಕಾಯತಕ್ಕದ್ದು ಎಣ್ಣೆಗಿಂತ ಹೆಚ್ಚಾಗಿ ಉಸಿರನ್ನು. ಡೈನಮೋ ಕಡೆಯ ಸೀಲು ಕೆಟ್ಟರೆ ಹೊರಗೆ ಒಂದು ತೊಟ್ಟೂ ಸೋರದೆ ಇರಬಹುದು. ಆದರೆ ಪಿಸ್ಟನ್ನು ಏರುವಾಗಲೆಲ್ಲ ಗೂಡು ಅಲ್ಲಿಂದ ಬರಿಯ ಗಾಳಿಯನ್ನು ಕದ್ದು ಕುಡಿಯುತ್ತದೆ. ಮಿಶ್ರಣವು ತೆಳುವಾಗುತ್ತದೆ. ಇಂತಹ ಗಾಡಿಗಳಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯು ಪೆಟ್ರೋಲಿನೊಡನೆಯೇ ಬೆರೆತು ಬರಬೇಕಾದ್ದರಿಂದ, ಪೆಟ್ರೋಲು ಕಡಮೆಯಾದರೆ ಎಣ್ಣೆಯೂ ಕಡಮೆ. ಬೆಂಕಿಯು ಹೆಚ್ಚಿದ ಹೊತ್ತಿನಲ್ಲಿಯೇ ಎಣ್ಣೆಯು ತಗ್ಗಿದರೆ ಆಗುವುದೇನು? ಪಿಸ್ಟನ್ನು ಉಬ್ಬಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಸೀಜ್ ಆಗುವುದೆನ್ನುತ್ತಾರೆ.

ಕ್ಲಚ್ಚಿನ ಕಡೆಯ ಸೀಲು ಕೆಟ್ಟರೆ ರೋಗಲಕ್ಷಣವೇ ಬೇರೆ. ಗೂಡು ಅಲ್ಲಿಂದ ಗೇರಿನ ಎಣ್ಣೆಯನ್ನು ಹೀರುತ್ತದೆ. ಹಿಂದೆ ಬಿಳಿಯ ಹೊಗೆಯು ಮೋಡದಂತೆ ಏಳುತ್ತದೆ, ಪ್ಲಗ್ಗು ಪದೇ ಪದೇ ಒದ್ದೆಯಾಗುತ್ತದೆ, ಗೇರಿನ ಎಣ್ಣೆಯು ಎಲ್ಲಿಯೂ ಸೋರದೆ ಕಡಮೆಯಾಗುತ್ತ ಹೋಗುತ್ತದೆ. ಇದು ಸದ್ದುಮಾಡಿ ಬರುವ ರೋಗವಾದ್ದರಿಂದ ಅಪಾಯವು ಕಡಮೆ. ಮೊದಲನೆಯದು ಹಾಗಲ್ಲ.

2022ರ ಬೇಸಗೆಯ ರಜೆಯಲ್ಲಿ ಅಣ್ಣನ ಮಗನು ಮಾವನವರ ಗಾಡಿಯನ್ನು ಎಬ್ಬಿಸಬೇಕೆಂದು ದುಂಬಾಲು ಬಿದ್ದನು. ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ. ನಾವೂ ಒಂದು ಇಂಗ್ಲಿಷ್ ಕೈಪಿಡಿಯನ್ನು ಆದ್ಯಂತವಾಗಿ ಓದಿ, ಓದಿದ ಮೇಲೆ ಮೆಕ್ಯಾನಿಕ್ಕಿನ ಹಂಗೇಕೆ ಎಂದುಕೊಂಡೆವು. ಒಂದು ಅಂಗಡಿಯಿಂದ ಎರಡು ಸೀಲುಗಳನ್ನು ತಂದು, ಹಳೆಯವನ್ನು ಕಿತ್ತು, ಹೊಸವನ್ನು ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಿದೆವು. ನಾಲ್ಕನೆಯ ಕಿಕ್ಕಿಗೆ ಇಂಜಿನ್ನು ಎದ್ದಿತು. ಇಪ್ಪತ್ತೊಂದು ವರ್ಷದ ಮೇಲೆ ಆ ಸದ್ದನ್ನು ಕೇಳಿ ಮಾವನವರು ಒಳಗಿನಿಂದ ಹೊರಗೆ ಬಂದು ನಿಂತರು; ಏನೂ ಹೇಳಲಿಲ್ಲ. ಆ ದಿನ ನಮಗಾದ ಹೆಮ್ಮೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಗಾಡಿಯು ಸುಮ್ಮನೆ ನಿಂತಿರುವಾಗಲೂ ಇಂಜಿನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತಿತ್ತು. ಆಕ್ಸಿಲರೇಟರನ್ನು ಬಿಟ್ಟರೂ ಒಂದೆರಡು ಗಳಿಗೆ ಹಾಗೆಯೇ ಕೂಗಿ ಆಮೇಲೆ ಇಳಿಯುತ್ತಿತ್ತು. ಇದು ಕಾರ್ಬ್ಯುರೇಟರಿನ ದೋಷವೆಂದು ನಾವು ನಿಶ್ಚಯಿಸಿದೆವು. ಅದರ ತಿರುಪುಗಳನ್ನು ಮೂರು ದಿನ ತಿರುವಿದೆವು. ಹೇಗೋ ಕೂಗು ಸ್ವಲ್ಪ ಅಡಗಿತು. ಹಳೆಯ ಗಾಡಿಗಳ ವಿಷಯದಲ್ಲಿ ಇದೇ ಅತಿ ಸಾಮಾನ್ಯವಾದ ಮೋಸವೆಂದು ಆಮೇಲೆ ತಿಳಿಯಿತು: ರೋಗವು ಸೀಲಿನದು, ಔಷಧವು ಕಾರ್ಬ್ಯುರೇಟರಿಗೆ.

ನಾಲ್ಕನೆಯ ದಿನ ಹುಡುಗನು ಊರಾಚೆಯ ಮಣ್ಣುಹಾದಿಯಲ್ಲಿ ಗಾಡಿಯನ್ನು ಓಡಿಸಿದನು. ಉದ್ದವಾದ ಒಂದು ಏರನ್ನು ಎರಡನೆಯ ಗೇರಿನಲ್ಲಿ ಪೂರ್ಣ ಬಲದಿಂದ ಹತ್ತಿ, ಮೇಲಿನ ಸಮನೆಲವನ್ನು ಸೇರಿ ವೇಗವನ್ನು ಹೆಚ್ಚಿಸುತ್ತಿದ್ದಂತೆಯೇ ಪಿಸ್ಟನ್ನು ಕಚ್ಚಿಕೊಂಡಿತು. ಇಂಜಿನ್ನು ನಿಂತರೆ ಗಾಡಿ ಮೆಲ್ಲಗೆ ನಿಲ್ಲುತ್ತದೆಂದು ತಾವು ಊಹಿಸಬಹುದು. ಹಾಗಾಗುವುದಿಲ್ಲ. ಗೇರಿನಲ್ಲಿರುವಾಗ ಇಂಜಿನ್ನು ಬಿಗಿದರೆ ಸರಪಣಿಯು ಹಿಂದಿನ ಚಕ್ರವನ್ನೂ ಬಿಗಿಯುತ್ತದೆ. ಕ್ಲಚ್ಚನ್ನು ಒಡನೆಯೇ ಒತ್ತಿದವನು ಉಳಿದುಕೊಳ್ಳುತ್ತಾನೆ. ಒತ್ತಬೇಕೆಂದು ಹುಡುಗನಿಗೆ ನಾವು ಹೇಳಿಯೇ ಇರಲಿಲ್ಲ. ಗಾಡಿಯು ಅಡ್ಡಲಾಗಿ ಜಾರಿ ಅವನನ್ನು ಎಸೆಯಿತು. ಎಡಗಡೆಯ ಕೊರಳೆಲುಬು ಮುರಿಯಿತು. ಅದು ಎಲುಬಿನಲ್ಲಿಯೇ ಮುಗಿದದ್ದು ದೈವಕೃಪೆ. ಹತ್ತು ಮಾರು ಮುಂದೆ ಕಲ್ಲುಕಂಬಗಳಿದ್ದವು. ಅತ್ತಿಗೆಯವರು ಆರು ವಾರ ನಮ್ಮೊಡನೆ ನೆಟ್ಟಗೆ ಮಾತನಾಡಲಿಲ್ಲ, ಅದು ನ್ಯಾಯವೇ ಆಗಿತ್ತು.

ಮಾವನವರು ಆ ಮೇಲೆ ನಮ್ಮನ್ನು ತಮ್ಮ ಹಳೆಯ ಸ್ನೇಹಿತರೊಬ್ಬರ ಬಳಿಗೆ ಕಳುಹಿಸಿದರು. ಯಾದವಗಿರಿಯ ಕಾರ್ಖಾನೆಯಲ್ಲಿ ಇಂಜಿನ್ನು ಜೋಡಿಸುವ ವಿಭಾಗದಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಮನೆಯ ಮುಂದಿನ ಚಪ್ಪರದಲ್ಲಿ ಇಂತಹ ಗಾಡಿಗಳನ್ನೇ ರಿಪೇರಿ ಮಾಡಿಕೊಂಡಿರುವ ವೃದ್ಧರು. ಅವರು ಡೈನಮೋವನ್ನು ಕಳಚಿ, ನಾವು ಹಾಕಿದ್ದ ಸೀಲನ್ನು ಹೊರತೆಗೆದು, ಕನ್ನಡಕವನ್ನು ಹಣೆಗೇರಿಸಿ ನೋಡಿದರು. ಆಮೇಲೆ ಅದನ್ನು ನಮ್ಮ ಕೈಯಲ್ಲಿಟ್ಟು, “ಉಗುರಿನಿಂದ ಒತ್ತಿ ನೋಡಿ, ಮೇಷ್ಟ್ರೇ” ಎಂದರು. ತುಟಿಯು ಮರದ ಚಕ್ಕೆಯಂತೆ ಗಡುಸಾಗಿತ್ತು. ಅಂಗಡಿಯ ಗೂಡಿನಲ್ಲಿ ಎಷ್ಟು ವರ್ಷ ಬಿದ್ದಿತ್ತೋ! ಅದೂ ಅಲ್ಲದೆ, ತುಟಿಯ ಒಂದು ಕಡೆ ಕೂದಲಿನಷ್ಟು ಸಣ್ಣ ಸೀಳಿತ್ತು. ಅಚ್ಚಿನ ತುದಿಯಲ್ಲಿ ಕೀಲಿಯು ಕೂರತಕ್ಕ ಕೊರಕಲಿದೆ. ಸೀಲನ್ನು ತೂರಿಸುವಾಗ ಅದರ ಹರಿತವಾದ ಅಂಚು ತುಟಿಯನ್ನು ಕೊಯ್ದಿತ್ತು. ಕೈಪಿಡಿಯಲ್ಲಿ ಎಚ್ಚರಿಕೆಯಿತ್ತು. ನಾವು ಓದಿಯೂ ಇದ್ದೆವು.

“ಸೀಲು ಓಡಿಸಿದ್ದಕ್ಕಿಂತ ನಿಲ್ಲಿಸಿದ್ದರಿಂದ ಹೆಚ್ಚು ಕೆಡುತ್ತೆ, ಮೇಷ್ಟ್ರೇ,” ಎಂದರು ಅವರು. “ಓಡೋ ಗಾಡಿಲಿ ತುಟಿ ಎಣ್ಣೆ ಕುಡೀತಾ ಮೆತ್ತಗಿರುತ್ತೆ. ನಿಂತ ಗಾಡೀಲಿ ಒಣಗಿ ಅಚ್ಚಿಗೆ ಅಂಟಿಕೊಳ್ಳುತ್ತೆ. ಎಷ್ಟು ಮೈಲಿ ಓಡಿದೆ ಅಂತ ಕೇಳಬೇಡಿ, ಎಷ್ಟು ವರ್ಷ ನಿಂತಿದೆ ಅಂತ ಕೇಳಿ.”

ಎರಡನೆಯ ಸಲದ ಕೆಲಸವನ್ನು ಅವರ ಚಪ್ಪರದಲ್ಲಿಯೇ, ಅವರು ಕುರ್ಚಿಯಲ್ಲಿ ಕುಳಿತು ಹೇಳಿದಂತೆ, ನಾವು ಮಾಡಿದೆವು. ಕೊರಳಿಗೆ ಜೋಲಿ ಕಟ್ಟಿಕೊಂಡ ಹುಡುಗನು ಬಲಗೈಯಲ್ಲಿ ಸಾಮಾನುಗಳನ್ನು ಎತ್ತಿಕೊಟ್ಟನು. ಹಳೆಯ ಗಾಡಿಗಳಲ್ಲಿ ಕೆಲವಕ್ಕೆ ಸೀಲು ಬದಲಾಯಿಸಲು ಇಂಜಿನ್ನನ್ನೇ ಎರಡು ಹೋಳಾಗಿ ಬಿಚ್ಚಬೇಕು. ನಮ್ಮ ಗಾಡಿಯಲ್ಲಿ ಎರಡು ಸೀಲುಗಳಿಗೂ ಹೊರಗಿನಿಂದಲೇ ಕೈ ತಲುಪಿತು. ಗೇರಿನ ಎಣ್ಣೆಯನ್ನು ಇಳಿಸಿ, ಮುಚ್ಚಳವನ್ನು ತೆಗೆದು, ಕ್ಲಚ್ಚನ್ನೂ ಸರಪಣಿಯನ್ನೂ ಕಳಚುವ ಭಾಗವನ್ನು ವರ್ಣಿಸಿ ತಮ್ಮ ತಾಳ್ಮೆಯನ್ನು ಕೆಡಿಸುವುದಿಲ್ಲ. ಒಂದು ಮಾತು ಮಾತ್ರ: ಅಚ್ಚಿನ ಓರೆಮೈಯ ಮೇಲೆ ಬಿಗಿದು ಕುಳಿತಿರುವ ಹಲ್ಲುಚಕ್ರವನ್ನು ಪುಲ್ಲರಿನಿಂದಲೇ ಎಳೆಯಬೇಕು. ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕಿನ ನೇರವೇ ಕೆಡುತ್ತದೆ. ಎಡಕ್ಕೆ ತಿರುಗಿ ಬಿಗಿಯುವ ನಟ್ಟುಗಳು ಎಲ್ಲಿಯಾದರೂ ಇವೆಯೇ ಎಂದು ಮೊದಲೇ ವಿಚಾರಿಸದೆ ಪಾನಾವನ್ನು ಜಗ್ಗಲೂ ಕೂಡದು.

ಹಳೆಯ ಸೀಲನ್ನು ಕೀಳುವುದಕ್ಕೆ ನಾವು ಮೊದಲ ಸಲ ಸ್ಕ್ರೂಡ್ರೈವರನ್ನು ತೂರಿಸಿ ಮೀಟಿದ್ದೆವು. ಹಾಗೆ ಮೀಟಿದಾಗ ಸೀಲು ಕೂರತಕ್ಕ ಅಲ್ಯೂಮಿನಿಯಂ ಅಂಚಿನಲ್ಲಿ ಗೀರು ಬಿದ್ದಿತ್ತು. ಅದನ್ನು ನೋಡಿ ವೃದ್ಧರು ತುಟಿಪಿಟಕ್ಕೆನ್ನದೆ ತಲೆಯಾಡಿಸಿದರು. ಅವರ ಕ್ರಮವಾದರೋ ಇದು: ಸೀಲಿನ ತಗಡಿನ ಮುಖದಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತುಗಳನ್ನು ಕೊರೆಯುವುದು, ಕೊರೆಯುವ ಮೊನೆಗೆ ಗ್ರೀಸು ಬಳಿದಿದ್ದರೆ ಲೋಹದ ಪುಡಿಯು ಅದಕ್ಕೇ ಅಂಟಿಕೊಂಡು ಬೇರಿಂಗಿಗೆ ಬೀಳುವುದಿಲ್ಲ, ಆ ತೂತುಗಳಿಗೆ ಎರಡು ಸ್ಕ್ರೂಗಳನ್ನು ಮೇಲುಮೇಲಾಗಿ ತಿರುಗಿಸಿ, ಇಕ್ಕಳದಿಂದ ಒಂದನ್ನಾದ ಮೇಲೊಂದನ್ನು ಎಳೆಯುವುದು. ಸೀಲು ಹಾಲುಹಲ್ಲು ಬಂದಂತೆ ಸುಲಭವಾಗಿ ಬಂದಿತು.

ಆಮೇಲೆ ಅಚ್ಚಿನ ಪರೀಕ್ಷೆ. ತುಟಿಯು ಉಜ್ಜುತ್ತಿದ್ದ ಜಾಗದಲ್ಲಿ ಉಗುರನ್ನು ಆಡಿಸಬೇಕು. ಉಗುರು ಸಿಕ್ಕಿಕೊಂಡರೆ ರಬ್ಬರು ಉಕ್ಕನ್ನು ತೇದಿದೆಯೆಂದು ಅರ್ಥ. ಹೌದು, ಮೆತ್ತನೆಯ ರಬ್ಬರೇ, ಧೂಳಿನೊಡನೆ ಕೂಡಿ, ಗಡುಸಾದ ಉಕ್ಕಿನಲ್ಲಿ ಗೆರೆ ಕೊರೆಯುತ್ತದೆ. ನಮ್ಮ ಅಚ್ಚಿನಲ್ಲಿ ಕ್ಲಚ್ಚಿನ ಕಡೆ ಅಂತಹ ಗೆರೆಯಿತ್ತು. ಹೊಸ ಸೀಲನ್ನು ಕೂದಲೆಳೆಯಷ್ಟು ಹೊರಕ್ಕೆ ಕೂರಿಸಿ, ತುಟಿಯು ಸವೆಯದ ಮೈಯ ಮೇಲೆ ನಿಲ್ಲುವಂತೆ ಮಾಡಿದೆವು. ಅಚ್ಚನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ ನೋಡುವುದನ್ನು ಮರೆಯತಕ್ಕದ್ದಲ್ಲ. ಬೇರಿಂಗು ಸವೆದು ಅಚ್ಚು ಕುಣಿಯುತ್ತಿದ್ದರೆ ಯಾವ ದೇಶದ ಸೀಲನ್ನು ಹಾಕಿದರೂ ನಿಲ್ಲದು. ಆಗ ಇಂಜಿನ್ನನ್ನು ಬಿಚ್ಚದೆ ಗತ್ಯಂತರವಿಲ್ಲ.

ಕೂರಿಸುವಾಗ ಸುರುಳಿತಂತಿಯಿರುವ ಮುಖವು ಒಳಗೆ, ಎಂದರೆ ಕ್ರ್ಯಾಂಕಿನ ಗೂಡಿನ ಕಡೆಗೆ, ಇರಬೇಕು. ಗೂಡಿನ ಒತ್ತಡವೇ ತುಟಿಯನ್ನು ಅಚ್ಚಿಗೆ ಇನ್ನಷ್ಟು ಒತ್ತುತ್ತದೆ; ತಿರುಗುಮುರುಗಾಗಿ ಹಾಕಿದರೆ ಅದೇ ಒತ್ತಡವು ತುಟಿಯನ್ನು ಎತ್ತುತ್ತದೆ. ಕೊರಕಲಿನ ಅಂಚು ಕೊಯ್ಯದಂತೆ ವೃದ್ಧರು ಮಾಡಿದ ಉಪಾಯ ಬಹಳ ಸರಳ: ಹಾಲಿನ ಪ್ಯಾಕೆಟ್ಟಿನ ತುಂಡೊಂದನ್ನು ಅಚ್ಚಿನ ತುದಿಗೆ ನವುರಾಗಿ ಸುತ್ತಿ, ಎಣ್ಣೆ ಸವರಿ, ಅದರ ಮೇಲೆ ಸೀಲನ್ನು ಜಾರಿಸಿ, ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. ಎರಡು ಕಾಸಿನ ಈ ಹಾಳೆಯಿದ್ದಿದ್ದರೆ ಹುಡುಗನ ಎಲುಬು ಉಳಿಯುತ್ತಿತ್ತು. ಸೀಲಿನ ಹೊರಸುತ್ತಿಗೆ ಸರಿಯಾಗುವ ಪೈಪಿನ ತುಂಡನ್ನಿಟ್ಟು ಮೆಲ್ಲಗೆ ತಟ್ಟಿದರೆ ಅದು ಓರೆಯಾಗದೆ ಇಳಿಯುತ್ತದೆ.

ಸೀಲನ್ನು ಕೊಳ್ಳುವ ವಿಷಯದಲ್ಲಿಯೂ ಒಂದೆರಡು ಮಾತು. ಅದರ ಮುಖದ ಮೇಲೆ ಮೂರು ಅಂಕಿಗಳು ಅಚ್ಚಾಗಿರುತ್ತವೆ: ಒಳಸುತ್ತು, ಹೊರಸುತ್ತು, ದಪ್ಪ, ಎಲ್ಲವೂ ಮಿಲಿಮೀಟರುಗಳಲ್ಲಿ. ಅಂಕಿ ಸರಿಯಾಗಿದ್ದರೆ ಸಾಲದು. ರಬ್ಬರಿನ ಜಾತಿಯನ್ನೂ ಕೇಳಬೇಕು. ಹಳೆಯ ಕಾಲದ ನೈಟ್ರೈಲ್ ರಬ್ಬರು ಬರಿಯ ಪೆಟ್ರೋಲಿಗೂ ಎಣ್ಣೆಗೂ ತಾಳುತ್ತಿತ್ತು. ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಬೆರೆತು ಬರುತ್ತಿರುವುದರಿಂದ, 1957ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯು ವೈಟಾನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ ಫ್ಲೋರಿನ್ ಜಾತಿಯ ರಬ್ಬರೇ ಮೇಲು. ಬೆಲೆ ಹೆಚ್ಚು, ಆದರೆ ಶಾಖಕ್ಕೂ ಅದೇ ಚೆನ್ನಾಗಿ ತಾಳುತ್ತದೆ.

ನಮ್ಮನ್ನು ಅತ್ಯಂತ ಬೆರಗುಗೊಳಿಸಿದ್ದು ಕಡೆಯ ಪರೀಕ್ಷೆ. ವೃದ್ಧರು ಒಳಗಿನಿಂದ, ಡಾಕ್ಟರರು ರಕ್ತದ ಒತ್ತಡವನ್ನು ನೋಡಲು ತರುವ ರಬ್ಬರಿನ ಬುಡ್ಡೆಯನ್ನೂ ಮುಳ್ಳಿನ ಮಾಪಕವನ್ನೂ ತರಿಸಿದರು. ಕಾರ್ಬ್ಯುರೇಟರಿನ ಬಾಯನ್ನೂ ಎರಡು ಸೈಲೆನ್ಸರುಗಳ ಬಾಯಿಗಳನ್ನೂ ರಬ್ಬರಿನ ಬಿರಡೆಗಳಿಂದ ಮುಚ್ಚಿ, ಪ್ಲಗ್ಗಿನ ತೂತಿನಿಂದ ಬುಡ್ಡೆಯನ್ನು ಒತ್ತಿ ಗಾಳಿ ತುಂಬಿದರು. ಪಿಸ್ಟನ್ನನ್ನು ತೀರ ಕೆಳಗೆ ಇಟ್ಟಿದ್ದುದರಿಂದ ಮೇಲಿನ ಸಿಲಿಂಡರಿಗೂ ಕೆಳಗಿನ ಗೂಡಿಗೂ ದಾರಿ ತೆರೆದಿತ್ತು. ಮುಳ್ಳು 250ಕ್ಕೆ ಏರಿತು. ಇದು ಚದರಂಗುಲಕ್ಕೆ ಸುಮಾರು 5 ಪೌಂಡಿನ ಒತ್ತಡ. “ಈಗ ಕೈಬಿಟ್ಟು ಕಾಫಿ ಕುಡಿಯೋಣ” ಎಂದರು. ಸೀಲುಗಳ ಸುತ್ತ ಸಾಬೂನಿನ ನೀರನ್ನು ಹುಡುಗನು ಸವರಿ, ಗುಳ್ಳೆಗಳೇಳುತ್ತವೆಯೋ ಎಂದು ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದನು. ನಮ್ಮ ಮೊದಲನೆಯ ಪ್ರಯತ್ನದ ಸೀಲುಗಳಿಗೆ ಈ ಪರೀಕ್ಷೆಯನ್ನು ಮಾಡಿದ್ದರೆ ಮುಳ್ಳು ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲವೆಂದು ಅವರ ಅಭಿಪ್ರಾಯ. ಈ ಸಲ ಕಾಫಿಯು ಮುಗಿಯುವವರೆಗೂ ಅದು ಕದಲಲಿಲ್ಲ.

ಸಿಲಿಂಡರನ್ನು ಬೋರು ಮಾಡಿಸಿ ಹೊಸ ಪಿಸ್ಟನ್ನನ್ನು ಹಾಕಿಸಿದ ವಿಷಯವನ್ನು ಇಲ್ಲಿ ಬಿಟ್ಟಿದ್ದೇವೆ. ಅದು ಬೇರೆಯೇ ಒಂದು ಭಾಷಣಕ್ಕಾಗುತ್ತದೆ. ಹುಡುಗನ ಎಲುಬು ಕೂಡಿ ಮೂರು ತಿಂಗಳಾದ ಮೇಲೆ ಅತ್ತಿಗೆಯವರ ಅಪ್ಪಣೆಯನ್ನು ಪಡೆದು ಗಾಡಿಯನ್ನು ಹೊರತೆಗೆದೆವು. ಮೊದಲು ಓಡಿಸಿದವರು ನಾವು. ಎಡಗೈಯ ಎರಡು ಬೆರಳುಗಳು ಉದ್ದಕ್ಕೂ ಕ್ಲಚ್ಚಿನ ಮೇಲೆಯೇ ಇದ್ದವು. ಆಕ್ಸಿಲರೇಟರನ್ನು ಬಿಟ್ಟೊಡನೆ ಇಂಜಿನ್ನಿನ ಸದ್ದು ವಿಧೇಯವಾಗಿ ಇಳಿಯುತ್ತಿತ್ತು. ಹತ್ತು ಮೈಲಿಯ ಮೇಲೆ ಅದೇ ಏರಿನ ತುದಿಯಲ್ಲಿ ಇಂಜಿನ್ನನ್ನು ಒಮ್ಮೆಲೇ ನಿಲ್ಲಿಸಿ, ಪ್ಲಗ್ಗನ್ನು ಬಿಚ್ಚಿ, ಹಿಂದೆ ಬೇರೆ ಗಾಡಿಯಲ್ಲಿ ಬರುತ್ತಿದ್ದ ಮಾವನವರ ಕೈಗೆ ಕರವಸ್ತ್ರದಲ್ಲಿಟ್ಟು ಕೊಟ್ಟೆವು. ಮಿಶ್ರಣವು ತೆಳುವಾಗಿದ್ದರೆ ಅದರ ತುದಿಯು ಸುಣ್ಣದಂತೆ ಬೆಳ್ಳಗಿರುತ್ತದೆ. ಎಣ್ಣೆಯು ಹೆಚ್ಚಾಗಿದ್ದರೆ ಕಪ್ಪಗೆ ಒದ್ದೆಯಾಗಿರುತ್ತದೆ. ಮಾವನವರು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಹದವಾಗಿ ಹುರಿದ ಕಾಫಿಬೀಜದ ಬಣ್ಣವಿತ್ತು. ಪ್ಲಗ್ಗನ್ನು ಹಿಂದಕ್ಕೆ ಕೊಟ್ಟು, ಹುಡುಗನ ಕಡೆ ತಿರುಗಿ, “ಇನ್ನು ನೀನು ಹತ್ತು” ಎಂದರು.